ನಾಲ್ಕನೆಯ ಹಾಲೆ

ಚೂರಿಯಕ್ಕ ಮತ್ತು ಅಂಗರಚನೆ ಪಾಠ ಮಾಡುವ ಮೇಡಂ ಮೊದಲ ಸಲ ಎದುರಾದದ್ದು ಒಂದು ಮಂಗಳವಾರ, ಬೆಳಗಿನ ಹತ್ತೂವರೆಯ ಹೊತ್ತಿಗೆ, ಮಾಂಸದಂಗಡಿಯ ಕಟ್ಟೆಯ ಬಳಿ. ಒಬ್ಬರು ಆಚೆ, ಒಬ್ಬರು ಈಚೆ. ಶುರುವಾದದ್ದೇ ಜಗಳದಿಂದ.

ಆಗಿನ್ನೂ ಅವಳಿಗೆ ಚೂರಿಯಕ್ಕ ಎಂಬ ಹೆಸರು ಬಿದ್ದಿರಲಿಲ್ಲ. ಅಂಗಡಿಗೆ ಬರುವವರ ಪಾಲಿಗೆ ಅವಳು ಬರೀ ‘ಸೊಸೆ’. ಅಂಗಡಿ ಅತ್ತೆಯದು. ಗಂಡ ಲಾರಿ ಓಡಿಸುತ್ತಿದ್ದ. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಹೀಗಾಗಿ ಅಂಗಡಿಯಲ್ಲಿ ಹೆಂಗಸರಿಬ್ಬರೇ. ಅತ್ತೆ ಮಂಡಿಗೆ ಬಟ್ಟೆ ಸುತ್ತಿಕೊಂಡು ತಕ್ಕಡಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕೂತರೆ, ಸೊಸೆ ಮರದ ಕೊರಡಿನ ಎದುರು ನಿಂತು ಕಡಿಯುತ್ತಿದ್ದಳು. ಹನ್ನೆರಡು ವರ್ಷದಿಂದ ಇದೇ ಏರ್ಪಾಡು.

ಆ ದಿನ ಬೆಳಗಿನ ಗಿರಾಕಿಗಳೆಲ್ಲ ಮುಗಿದಿದ್ದರು. ಸೊಸೆ ಕೊರಡಿಗೆ ಕಲ್ಲುಪ್ಪು ಉಜ್ಜಿ ಕೆರೆಯುತ್ತಿದ್ದಳು. ಕನ್ನಡಕ ಹಾಕಿದ್ದ ಒಬ್ಬ ತೆಳ್ಳನೆಯ ಹೆಂಗಸು, ಬಿಳಿ ಕೋಟನ್ನು ಸುತ್ತಿ ಕೈಚೀಲಕ್ಕೆ ತುರುಕಿಕೊಂಡವರು, ಒದ್ದೆ ನೆಲದ ಮೇಲೆ ಜಾಗ್ರತೆಯಾಗಿ ಹೆಜ್ಜೆಯಿಡುತ್ತ ಬಂದು ನಿಂತರು.

“ಗುಂಡಿಗೆ, ಪುಪ್ಪುಸ, ಗಂಟಲ ಕೊಳವೆ. ಮೂರೂ ಒಟ್ಟಿಗೇ ಬೇಕು. ಬಿಡಿಸಬಾರದು.”

ಸೊಸೆ ಕೊಕ್ಕೆಯಿಂದ ಒಂದು ಗೊಂಚಲು ಇಳಿಸಿ ಕಟ್ಟೆಯ ಮೇಲಿಟ್ಟಳು. ಬಂದವರು ಅದನ್ನು ತಿರುಗಿಸಿ ನೋಡಿ, ಗುಂಡಿಗೆಯ ಮೇಲಿದ್ದ ಸೀಳಿನಲ್ಲಿ ಬೆರಳು ತೂರಿಸಿದರು.

“ಇದನ್ನ ಸೀಳಿದ್ದೀರಿ.”

“ಎಲ್ಲಾನೂ ಸೀಳೇ ಸೀಳ್ತೀವಿ. ಒಳಗಿನ ರಕ್ತದ ಗಡ್ಡೆ ತೆಗೀದೆ ಕೊಟ್ರೆ ತಗೊಂಡೋರು ನಮ್ಮ ವಂಶಾನೇ ಜಾಲಾಡ್ತಾರೆ.”

ಎರಡನೆಯದರ ಕೊಳವೆ ಮೊಟಕಾಗಿತ್ತು. ಮೂರನೆಯದರ ಪುಪ್ಪುಸಕ್ಕೆ ಚೂರಿಯ ತುದಿ ತಾಗಿ ಒಂದು ಗೀರು ಬಿದ್ದಿತ್ತು. ಕನ್ನಡಕದವರು ಅದನ್ನೂ ಪಕ್ಕಕ್ಕೆ ತಳ್ಳಿದರು. ಸೊಸೆಗೆ ರೇಗಿತು.

“ಬೇಯಿಸೋದಕ್ಕೆ ಗೀರಿದ್ರೇನು, ಇಲ್ದಿದ್ರೇನು?”

“ಬೇಯಿಸೋದಕ್ಕಲ್ಲ.”

“ಮತ್ತೆ? ಹೆಣ್ಣು ನೋಡೋಕೆ ಬಂದೋರ ಥರ ಒಂದೊಂದನ್ನೂ ತಿರುಗಿಸಿ ತಿರುಗಿಸಿ ನೋಡ್ತಿದ್ದೀರಲ್ಲ, ಮದುವೆ ಮಾಡಿಸ್ತೀರಾ?”

ಸ್ಟೂಲಿನ ಮೇಲಿಂದ ಅತ್ತೆ ಕಿಸಕ್ಕನೆ ನಕ್ಕಳು. ಕನ್ನಡಕದವರೂ ನಕ್ಕರು. ತಾವು ಆಸ್ಪತ್ರೆಯ ಕಾಲೇಜಿನಲ್ಲಿ ಪಾಠ ಮಾಡುವವರು, ಉಸಿರಾಟ ಚಿಕಿತ್ಸೆಯ ಡಿಪ್ಲೊಮಾ ಮಕ್ಕಳಿಗೆ ಹೃದಯ ಮತ್ತು ಶ್ವಾಸಕೋಶ ಬಿಡಿಸಿ ತೋರಿಸಬೇಕು, ಹೆಣ ಕೊಯ್ಯುವ ಕೋಣೆಗೆ ಡಾಕ್ಟರಿ ಓದುವವರನ್ನಷ್ಟೇ ಬಿಡುತ್ತಾರೆ, ತಮ್ಮ ಮಕ್ಕಳಿಗೆ ಮೇಕೆಯದೇ ಗತಿ ಎಂದು ವಿವರಿಸಿದರು. ಸೀಳಿದ ಹೃದಯದಲ್ಲಿ ಕವಾಟ ಕಾಣುವುದಿಲ್ಲ. ತೂತಾದ ಶ್ವಾಸಕೋಶದಲ್ಲಿ ಗಾಳಿ ನಿಲ್ಲುವುದಿಲ್ಲ.

“ನಾಳೆ ಬನ್ನಿ. ಚೂರಿ ಸೋಕದ್ದು ಕೊಡ್ತೀನಿ,” ಎಂದಳು ಸೊಸೆ.

ಮರುದಿನ ಹಾಗೆಯೇ ಕೊಟ್ಟಳು. ಕೊಡುವಾಗ, ಹನ್ನೆರಡು ವರ್ಷದಿಂದ ಯಾರನ್ನೂ ಕೇಳಲಾಗದ ಒಂದು ಮಾತನ್ನು ಕೇಳಿಯೇಬಿಟ್ಟಳು. “ಗುಂಡಿಗೇಲಿ ಒಂದು ಕಡೆ ಗೋಡೆ ಗಟ್ಟಿ, ಇನ್ನೊಂದು ಕಡೆ ಮೆತ್ತಗೆ. ಯಾವ ಮೇಕೆ ಕೊಯ್ದರೂ ಇದೇ ಲೆಕ್ಕ. ಯಾಕೆ ಮೇಡಂ?”

ಮೇಡಂ ಚೀಲ ಕೆಳಗಿಟ್ಟರು. “ಪಕ್ಕದ ಮನೆಗೆ ನೀರು ಎರಚೋಕೆ ಎಷ್ಟು ಬಲ ಬೇಕು? ಊರಿನ ಕೊನೇ ಮನೇವರೆಗೆ ಎರಚೋಕೆ ಎಷ್ಟು ಬೇಕು? ಮೆತ್ತನೆ ಕಡೆಯದು ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ರಕ್ತ ತಳ್ಳುತ್ತೆ. ಗಟ್ಟಿ ಕಡೆಯದು ಕಾಲಿನ ಗೊರಸಿನವರೆಗೂ ತಳ್ಳಬೇಕು.”

ಆ ಮಧ್ಯಾಹ್ನ ಅಂಗಡಿ ತೊಳೆಯುವಾಗ ಸೊಸೆ ಒಂದು ಗುಂಡಿಗೆಯನ್ನು ಅಂಗೈಯಲ್ಲಿಟ್ಟುಕೊಂಡು ಎರಡೂ ಕಡೆ ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿದಳು. ಅತ್ತೆ, “ಅದೇನು ಮಾವಿನಹಣ್ಣಾ, ಹಣ್ಣಾಗಿದ್ಯಾ ಅಂತ ನೋಡೋಕೆ?” ಎಂದು ಛೇಡಿಸಿದಳು.

ಆಮೇಲೆ ಮೇಡಂ ತಿಂಗಳಿಗೆರಡು ಸಲ ಬರತೊಡಗಿದರು. ಪ್ರತಿ ಸಲವೂ ಸೊಸೆಯ ಬಳಿ ಒಂದು ಪ್ರಶ್ನೆ ಕಾದಿರುತ್ತಿತ್ತು. ಮದುವೆಗೆ ಮುಂಚೆ ಅವಳು ವಿಜ್ಞಾನ ತೆಗೆದುಕೊಂಡು ಹನ್ನೆರಡನೇ ತರಗತಿ ಪಾಸಾದವಳು ಎಂದು ಗೊತ್ತಾದ ದಿನ, ಮೇಡಂ ಮೇಕೆಯ ಗೊಂಚಲು ಒಯ್ಯುವ ಬದಲು ಒಂದು ಅರ್ಜಿ ತಂದುಕೊಟ್ಟರು. ವಯಸ್ಸಿನ ಮಿತಿ ಇರಲಿಲ್ಲ. ಸೊಸೆಗೆ ಆಗ ಮೂವತ್ತೆರಡು.

ಮನೆಯಲ್ಲಿ ರಾದ್ಧಾಂತವಾಯಿತು. ಅತ್ತೆಯ ವಾದ ಸರಳವಾಗಿತ್ತು: ತನ್ನ ಮಂಡಿ ಕೆಟ್ಟಿದೆ, ಕೊರಡಿನ ಮುಂದೆ ನಿಲ್ಲುವವರು ಬೇಕು, ಮೂರು ತಲೆಮಾರಿನ ಅಂಗಡಿ ಇದು.

“ಬೇರೆಯವರ ಕಫ ತೆಗೆಯೋಕೆ ಓದಬೇಕಾ? ಇಲ್ಲಿ ಮರ್ಯಾದೆಯಾಗಿ ಕಡೀತಾ ಇರೋಕೆ ಏನು ರೋಗ?”

“ಬೆಳಗ್ಗೆ ಐದಕ್ಕೆ ಎದ್ದು ಎಂಟರವರೆಗೆ ಕಡಿದು ಹೋಗ್ತೀನಿ ಅತ್ತೆ. ಸಂಜೆ ಬಂದು ಮಿಕ್ಕಿದ್ದು ಮಾಡ್ತೀನಿ.”

“ಎರಡು ದೋಣಿ ಮೇಲೆ ಕಾಲಿಟ್ಟೋಳು ನೀರಿಗೇ ಬೀಳೋದು.”

“ಬಿದ್ರೆ ಈಜ್ತೀನಿ.”

ಗಂಡ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. “ನಿಮ್ಮಿಬ್ಬರ ಮಧ್ಯೆ ನಾನು ಗಾಡಿ ನುಗ್ಗಿಸಲ್ಲಪ್ಪ,” ಎಂದು ಕೈ ತೊಳೆದುಕೊಂಡು ಎದ್ದ. ಕೊನೆಗೆ ಅತ್ತೆ ಒಂದು ಷರತ್ತು ಹಾಕಿದಳು. “ಹೋಗು. ಆದ್ರೆ ಒಂದೇ ಒಂದು ಸಲ ಫೇಲಾದ್ರೂ ಮುಗೀತು. ಆಮೇಲೆ ಆ ಕಡೆ ತಲೆ ಹಾಕಿ ಮಲಗೋ ಹಾಗೂ ಇಲ್ಲ. ಒಪ್ತೀಯಾ?”

“ಒಪ್ತೀನಿ,” ಎಂದಳು ಸೊಸೆ. ಯೋಚಿಸಲೂ ಇಲ್ಲ.

ತರಗತಿಯಲ್ಲಿ ನಲವತ್ತು ಜನ. ಹೆಚ್ಚಿನವರು ಹದಿನೆಂಟು, ಹತ್ತೊಂಬತ್ತರವರು. ಮೊದಲ ವಾರದಲ್ಲೇ ಅವಳ ಕಸುಬು ಎಲ್ಲರಿಗೂ ತಿಳಿಯಿತು. ಹೆಸರು ಬಿತ್ತು, ಚೂರಿಯಕ್ಕ. ಇಟ್ಟವರು ಗೇಲಿಗೆ ಇಟ್ಟರು. ಅವಳು ತನ್ನ ನೋಟುಪುಸ್ತಕದ ಮೇಲೆ ಅದನ್ನೇ ದಪ್ಪಕ್ಷರದಲ್ಲಿ ಬರೆದುಕೊಂಡು ಬಂದಳು. ಗೇಲಿಯ ಅರ್ಧ ಬಲ ಅಲ್ಲಿಗೆ ಇಳಿಯಿತು.

ಮುಂದಿನ ಬೆಂಚಿನ ಒಬ್ಬ ಹುಡುಗಿ ಮೂಗು ಮುಚ್ಚಿಕೊಂಡು, “ಅಕ್ಕಾ, ಬೇಜಾರು ಮಾಡ್ಕೋಬೇಡಿ, ಸ್ವಲ್ಪ ಹಿಂದೆ ಕೂತ್ಕೋತೀರಾ? ವಾಸನೆ,” ಎಂದಳು.

“ಸೋಪು ಹಾಕಿ ಮೂರು ಸಲ ಉಜ್ಜಿ ಬಂದಿದ್ದೀನಿ ಕಣಮ್ಮ. ಇನ್ನೂ ಬರ್ತಿದ್ರೆ ಅದು ನಿನ್ನ ಮೂಗಿನ ಸಾಮರ್ಥ್ಯ. ನಾಳೆ ವಾರ್ಡಲ್ಲಿ ವಾರದ ಕಫ ಹೀರೋವಾಗ ಯಾರ ಹಿಂದೆ ಕೂರ್ತೀಯ?” ಎಂದು ಅಲ್ಲೇ ಕೂತಳು.

ಓದುವುದು ಅವಳು ಎಣಿಸಿದ್ದಕ್ಕಿಂತ ಕಷ್ಟವಾಗಿತ್ತು. ಪುಸ್ತಕದ ಚಿತ್ರದಲ್ಲಿ ಎಡ ಎಂದರೆ ನೋಡುವವರ ಬಲ. ಎದುರಿಗೆ ನಿಂತ ಮನುಷ್ಯ ನಮ್ಮತ್ತ ಮುಖ ಮಾಡಿದ್ದಾನೆ ಎಂದು ಭಾವಿಸಿ ಬರೆದದ್ದು. ಅಂಗಡಿಯಲ್ಲಿ ಗೊಂಚಲು ಕೊಕ್ಕೆಗೆ ನೇತುಬಿದ್ದಿರುವಾಗ ಬೆನ್ನು ಈಚೆಗಿರುತ್ತದೆ. ಹನ್ನೆರಡು ವರ್ಷದ ಎಡಬಲವನ್ನು ತಲೆಯೊಳಗೆ ಮಗುಚಿ ಹಾಕಲು ಅವಳಿಗೆ ಒಂದು ತಿಂಗಳು ಹಿಡಿಯಿತು. ಆದರೆ ಬೇರೆಯವರು ಬಾಯಿಪಾಠ ಮಾಡಿದ ಎಷ್ಟೋ ಸಂಗತಿ ಅವಳ ಬೆರಳಿಗೆ ಮೊದಲೇ ಗೊತ್ತಿತ್ತು. ಶ್ವಾಸಕೋಶದ ತುಂಡು ನೀರಿನಲ್ಲಿ ತೇಲುತ್ತದೆ ಎಂದು ಯಾರೂ ಅವಳಿಗೆ ಹೇಳಿಕೊಡಬೇಕಿರಲಿಲ್ಲ. ತೇಲದ ಶ್ವಾಸಕೋಶ ರೋಗದ್ದು ಎಂದು ಅಂಗಡಿಯಲ್ಲಿ ಅದನ್ನು ಬೇರೆಯಿಡುತ್ತಿದ್ದರು. ಗಾಳಿಯ ಗುಳ್ಳೆಗಳಲ್ಲಿ ನೀರೋ ಕೀವೋ ತುಂಬಿದರೆ ಹೀಗಾಗುತ್ತದೆ ಎಂದು ಈಗ ಕಾರಣ ತಿಳಿಯಿತು. ಕಪ್ಪು ರಕ್ತ ಶ್ವಾಸಕೋಶಕ್ಕೆ ಹೋಗಿ, ಕೂದಲಿಗಿಂತ ತೆಳುವಾದ ನಾಳಗಳಲ್ಲಿ ಹರಿದು, ಕೆಂಪಾಗಿ ವಾಪಸ್ ಬರುತ್ತದೆ ಎಂಬುದನ್ನು ಓದಿದ ದಿನ ಅವಳು ಆ ಪುಟವನ್ನು ನಾಲ್ಕು ಸಲ ಓದಿದಳು.

ಮೊದಲ ಕಿರುಪರೀಕ್ಷೆಯಲ್ಲಿ ಎಡವಿದಳು. ‘ಮನುಷ್ಯನ ಶ್ವಾಸನಾಳ ಮತ್ತು ಬಲ ಶ್ವಾಸಕೋಶದ ಚಿತ್ರ ಬರೆದು ಗುರುತಿಸಿ’ ಎಂದಿತ್ತು. ಅವಳು ಪುಸ್ತಕ ನೆನಪಿಸಿಕೊಳ್ಳುವ ಗೋಜಿಗೇ ಹೋಗದೆ ಕೈಗೆ ಗೊತ್ತಿದ್ದದ್ದನ್ನು ಬರೆದಳು. ಮನುಷ್ಯನ ಶ್ವಾಸನಾಳ ಕೆಳಗೆ ಹೋಗಿ ಒಮ್ಮೆಗೇ ಎರಡಾಗುತ್ತದೆ. ಮೇಕೆಯದು ಹಾಗಲ್ಲ, ಎರಡಾಗುವ ಮುಂಚೆಯೇ ಬಲಗಡೆಗೆ ಒಂದು ಪುಟ್ಟ ಕವಲು ಹೊರಟು ಮೇಲಿನ ಹಾಲೆಗೆ, ಎಂದರೆ ಶ್ವಾಸಕೋಶದ ಮೇಲಿನ ಭಾಗಕ್ಕೆ, ಸೇರುತ್ತದೆ. ಮನುಷ್ಯನ ಬಲ ಶ್ವಾಸಕೋಶಕ್ಕೆ ಮೂರು ಹಾಲೆ. ಮೇಕೆಗೆ ನಾಲ್ಕು. ನಾಲ್ಕನೆಯದು ಹೃದಯದ ಹಿಂದೆ ಅವಿತಿರುವ ಸಣ್ಣದು. ಅಂಗಡಿಯಲ್ಲಿ ಅದಕ್ಕೆ ಕಳ್ಳಹಾಲೆ ಎನ್ನುತ್ತಿದ್ದರು. ಅವಳು ಕವಲನ್ನೂ ಕಳ್ಳಹಾಲೆಯನ್ನೂ ಮುದ್ದಾಗಿ ಬರೆದು, ಬಣ್ಣ ಹಚ್ಚಿ ಕೊಟ್ಟಿದ್ದಳು.

ಸಿಕ್ಕಿದ್ದು ಸೊನ್ನೆ. ಕಿರುಪರೀಕ್ಷೆ ಪಾಸು ಫೇಲಿನ ಲೆಕ್ಕಕ್ಕೆ ಬರುತ್ತಿರಲಿಲ್ಲವಾದ್ದರಿಂದ ಅತ್ತೆಯ ಷರತ್ತು ಮಾತ್ರ ಉಳಿಯಿತು. ಉತ್ತರಪತ್ರಿಕೆ ಕೈಯಿಂದ ಕೈಗೆ ಹೋಯಿತು. ಹಿಂದಿನ ಬೆಂಚಿನಿಂದ ಯಾರೋ “ಮ್ಯಾ” ಎಂದರು. ಇಡೀ ತರಗತಿ “ಮ್ಯಾ” ಎಂದು ದನಿಗೂಡಿಸಿತು. ಚೂರಿಯಕ್ಕ ಎದ್ದು ನಿಂತು ಹಿಂದೆ ತಿರುಗಿದಳು.

“ಕೂಗಿದ್ದು ಯಾರು? ಹೋತಾನಾ, ಮರೀನಾ? ದನಿ ಕೇಳಿದ್ರೆ ನನಗೆ ತೂಕ ಎಷ್ಟು ಅಂತ ಗೊತ್ತಾಗುತ್ತೆ, ಹುಷಾರು.”

ನಗು ಬೇರೆ ಕಡೆಗೆ ತಿರುಗಿತು. ಆದರೆ ಅವಳಿಗೆ ಒಳಗೇ ಉರಿದಿತ್ತು, ತನ್ನ ಮೇಲೆಯೇ. ಸಂಜೆ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಕೂತು ಹೊಸ ನೋಟುಪುಸ್ತಕದ ಪ್ರತಿ ಹಾಳೆಯ ನಡುವೆ ಗೆರೆ ಎಳೆದಳು. ಎಡಕ್ಕೆ ಮೇಕೆ, ಬಲಕ್ಕೆ ಮನುಷ್ಯ. ಎಲ್ಲಿ ಒಂದೇ, ಎಲ್ಲಿ ಬೇರೆ, ಒಂದೊಂದನ್ನೂ ಬರೆದಳು. ಬರೆದದ್ದನ್ನು ಮರುದಿನ ಬೆಳಗ್ಗೆ ಕಡಿಯುವಾಗ ಬೆರಳಿನಿಂದ ತಾಳೆ ನೋಡಿದಳು. ಅತ್ತೆಗೂ ಇದು ಅಂಟಿತು. “ಇವತ್ತಿನದರಲ್ಲಿ ಕವಲು ಸ್ವಲ್ಪ ಮೇಲಿದೆ ನೋಡೇ,” ಎಂದು ಸ್ಟೂಲಿನಿಂದಲೇ ಕೂಗುವಳು. ಹೊಗಳಿಕೆ ಮಾತ್ರ ಬಾಯಿಂದ ಬರುತ್ತಿರಲಿಲ್ಲ. ಮೂರನೇ ಕಿರುಪರೀಕ್ಷೆಯ ಹೊತ್ತಿಗೆ ಮನುಷ್ಯನ ಎದೆಯ ಬಗ್ಗೆ ಅವಳನ್ನು ಅಲುಗಾಡಿಸುವವರು ತರಗತಿಯಲ್ಲಿ ಯಾರೂ ಇರಲಿಲ್ಲ.

ವರ್ಷದ ಕೊನೆಗೆ ಪ್ರಾಯೋಗಿಕ ಪರೀಕ್ಷೆ ಬಂತು. ಹೃದಯ ಮತ್ತು ಶ್ವಾಸಕೋಶದ ಈ ಪರೀಕ್ಷೆ ದಾಟದವರನ್ನು ವಾರ್ಡಿಗೆ ಬಿಡುವುದಿಲ್ಲ ಎಂಬುದು ಕಾಲೇಜಿನ ನಿಯಮ. ಒಮ್ಮೆ ಫೇಲಾದರೆ ಓದೇ ಇಲ್ಲ ಎಂಬುದು ಮನೆಯ ನಿಯಮ. ಎರಡೂ ಕೂಡಿ ಅವಳ ಕುತ್ತಿಗೆಯ ಮೇಲಿದ್ದವು.

ಪರೀಕ್ಷಕರಿಬ್ಬರು. ಒಬ್ಬರು ನಮ್ಮ ಅಂಗರಚನೆಯ ಮೇಡಂ; ಇನ್ನೊಬ್ಬರು ಬೇರೆ ಊರಿನ ಕಾಲೇಜಿನಿಂದ ಬಂದ, ಕೋಟಿನ ಜೇಬಿಗೆ ನಾಲ್ಕು ಪೆನ್ನು ಸಿಕ್ಕಿಸಿಕೊಂಡ ಹಿರಿಯರು. ಅಂಕ ಹಾಕುವುದು ಅವರ ಕೈಯಲ್ಲಿತ್ತು. ಕೋಣೆಯ ನಡುವೆ ಸ್ಟೀಲಿನ ಮೇಜು, ಮೇಜಿನ ಮೇಲೆ ತಟ್ಟೆ, ತಟ್ಟೆಯಲ್ಲಿ ಮೇಕೆಯ ಗೊಂಚಲು. ವಿದ್ಯಾರ್ಥಿಗಳು ಸಾಲಾಗಿ ಗೋಡೆಗೊರಗಿ ನಿಂತು ಒಬ್ಬೊಬ್ಬರಾಗಿ ಮುಂದೆ ಹೋಗಬೇಕು. ಚೂರಿಯಕ್ಕ ಹದಿನೇಳನೆಯವಳು.

ಹಿರಿಯರು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು. “ಇದರ ಬಲ ಶ್ವಾಸಕೋಶದ ಹಾಲೆಗಳನ್ನ ಬೆರಳಿಟ್ಟು ಎಣಿಸು.” ಮೊದಲನೆಯವನು ಬೆರಳನ್ನು ಗಾಳಿಯಲ್ಲಿ ಎರಡು ಸಲ ಅಡ್ಡ ಎಳೆದು “ಮೂರು ಸರ್” ಎಂದ. ಪೆನ್ನು ಸರಕ್ಕನೆ ಓಡಿತು. ಎರಡನೆಯವಳು “ಮೂರು.” ಮೂಗು ಮುಚ್ಚಿಕೊಂಡಿದ್ದ ಹುಡುಗಿ, ತಟ್ಟೆಯನ್ನು ನೋಡದೆಯೇ, “ಮೂರು.” ಹದಿನಾರು ಜನ ಮೂರು ಎಂದರು. ಒಬ್ಬರೂ ಅದನ್ನು ತಿರುಗಿಸಿ ನೋಡಲಿಲ್ಲ.

ಚೂರಿಯಕ್ಕನಿಗೆ ಮನುಷ್ಯನ ಮೂರೂ ಗೊತ್ತಿತ್ತು, ಮೇಕೆಯ ನಾಲ್ಕೂ ಗೊತ್ತಿತ್ತು. ಮೂರು ಎಂದರೆ ಮುಗಿಯಿತು. ಅರ್ಧ ನಿಮಿಷದ ಕೆಲಸ, ಮುಂದಿನ ತಿಂಗಳು ವಾರ್ಡು. ಅವಳ ಸರದಿ ಬಂತು. ಕೈಗವಸು ಎಳೆದುಕೊಂಡಳು. ಗೊಂಚಲನ್ನು ಎರಡೂ ಕೈಯಿಂದ ಎತ್ತಿ, ಮಗುವನ್ನು ಮಗುಚುವ ಹಾಗೆ ಮಗುಚಿದಳು.

“ಇದು ಮೇಲಿನದು, ಒಂದು. ಮಧ್ಯೆ ಸೀಳಿದ್ದರೂ ಬುಡ ಒಂದೇ. ಇದು ನಡುವಿನದು, ಎರಡು. ಕೆಳಗಿನದು, ಮೂರು.”

ಹಿರಿಯರು ಪೆನ್ನೆತ್ತಿದರು.

ಅವಳು ಹೆಬ್ಬೆರಳಿನಿಂದ ಹೃದಯವನ್ನು ಪಕ್ಕಕ್ಕೆ ಸರಿಸಿದಳು. “ಇದು ನಾಲ್ಕು.”

“ಎಷ್ಟು?”

“ನಾಲ್ಕು ಸರ್.”

“ಮನುಷ್ಯನ ಬಲ ಶ್ವಾಸಕೋಶಕ್ಕೆ ಎಷ್ಟು?”

“ಮೂರು ಸರ್.”

“ಹಾಗಾದ್ರೆ ಮೂರು ಅನ್ನಮ್ಮ. ಹಿಂದೆ ಇನ್ನೂ ಜನ ನಿಂತಿದ್ದಾರೆ.”

“ಇದು ಮನುಷ್ಯಂದಲ್ಲ ಸರ್.”

“ಮನುಷ್ಯಂದು ಅಂತ ಅಂದ್ಕೊಂಡು ಹೇಳೋದು. ಎಲ್ಲರೂ ಹಾಗೇ ಹೇಳಿದ್ರು, ಕೇಳಿಸ್ಲಿಲ್ವಾ?”

“ಅಂದ್ಕೋಬಹುದು ಸರ್. ಆದ್ರೆ ಬೆರಳಿಟ್ಟು ಎಣಿಸು ಅಂದ್ರಲ್ಲ. ಬೆರಳು ನಾಲ್ಕು ಕಡೆ ನಿಲ್ತು.”

ಹಿರಿಯರು ಪೆನ್ನಿನ ಮುಚ್ಚಳ ಹಾಕಿದರು. “ವಾರ್ಡಲ್ಲಿ ಡಾಕ್ಟರ ಜೊತೇನೂ ಹೀಗೇ ಎದುರು ಮಾತಾಡ್ತೀಯೇನು?”

“ಬಲಗಡೆ ಗಾಳಿ ಹೋಗ್ತಿದ್ಯಾ ನೋಡು ಅಂತ ಡಾಕ್ಟ್ರು ಹೇಳಿದ್ರೆ ನೋಡ್ತೀನಿ. ಹೋಗ್ತಿಲ್ಲ ಅಂದ್ರೆ ಹೋಗ್ತಿಲ್ಲ ಅಂತೀನಿ. ಪುಸ್ತಕದ ಪ್ರಕಾರ ಹೋಗಬೇಕು ಅಂತ ಹೇಳಿದ್ರೆ ರೋಗಿ ಸಾಯ್ತಾನೆ ಸರ್.”

ಅವಳು ಮೇಡಂ ಕಡೆ ನೋಡಿದಳು. ಮೇಕೆಗೆ ನಾಲ್ಕು ಎಂದು ಮೇಡಂಗೆ ಗೊತ್ತಿರದ ಮಾತಲ್ಲ. ಅವಳ ಎರಡು ಕಾಲಮ್ಮಿನ ನೋಟುಪುಸ್ತಕವನ್ನು ತಿದ್ದಿದವರೇ ಅವರು. ಮೇಡಂ ಮುಂದಿದ್ದ ಹಾಜರಿಪಟ್ಟಿಯ ಮೇಲೆ ಬಗ್ಗಿ, ಯಾವುದೋ ಹೆಸರಿನ ಕೆಳಗೆ ಮತ್ತೆ ಮತ್ತೆ ಗೆರೆ ಎಳೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಕೊನೇ ಸಲ ಕೇಳ್ತಿದ್ದೀನಿ,” ಎಂದರು ಹಿರಿಯರು. “ಎಷ್ಟು?”

“ನಾಲ್ಕು ಸರ್.”

ಆಮೇಲೆ ಅವಳಿಗೆ ಬೇರೆ ಪ್ರಶ್ನೆ ಬರಲಿಲ್ಲ. ಹತ್ತು ದಿನದ ನಂತರ ಸೂಚನಾ ಫಲಕದಲ್ಲಿ ಪಟ್ಟಿ ಅಂಟಿಸಿದರು. ಮೂವತ್ತೊಂಬತ್ತು ಜನ ಪಾಸಾಗಿದ್ದರು.

ಅವಳು ಬಸ್ಸು ಹತ್ತದೆ ನಡೆದೇ ಅಂಗಡಿಗೆ ಬಂದಳು. ಮಧ್ಯಾಹ್ನದ ಬಿಡುವು, ಬಾಗಿಲು ಅರ್ಧ ಎಳೆದಿತ್ತು. ಅತ್ತೆ ಚೂರಿಗಳನ್ನು ಸಾಣೆಗೆ ಹಿಡಿದಿದ್ದಳು. ಚೂರಿಯಕ್ಕ ಚೀಲ ಮೊಳೆಗೆ ಹಾಕಿ, ಏಪ್ರನ್ ಕಟ್ಟಿಕೊಂಡು, ಕೊರಡಿನ ಮುಂದೆ ಹೋಗಿ ನಿಂತಳು.

“ಫೇಲು.”

ಸಾಣೆಯ ಸದ್ದು ನಿಂತಿತು. “ಓದಿದ್ದಿಲ್ವಾ?”

“ಓದಿದ್ದೆ. ತಟ್ಟೇಲಿ ಮೇಕೆದು ಇಟ್ಟಿದ್ರು. ಬಲಗಡೆ ಹಾಲೆ ಎಷ್ಟು ಅಂದ್ರು. ಮೂರು ಅಂದಿದ್ರೆ ಪಾಸು. ನಾಲ್ಕು ಅಂದೆ.”

“ನಾಲ್ಕೇ ಅಲ್ವೇನೆ?”

“ನಾಲ್ಕೇ.”

“ಕಳ್ಳಹಾಲೆ ತೋರಿಸಿದ್ಯಾ?”

“ಹೆಬ್ಬೆರಳಲ್ಲಿ ಎತ್ತಿ ತೋರಿಸ್ದೆ. ಆದ್ರೂ ಮೂರು ಅನ್ನು ಅಂದ್ರು.”

ಅತ್ತೆ ಚೂರಿಯನ್ನು ಬಟ್ಟೆಗೆ ಒರೆಸಿದಳು. ಒಂದು ಸಲ ಈ ಕಡೆ, ಒಂದು ಸಲ ಆ ಕಡೆ. ಚೂರಿಯಕ್ಕ ಬೈಗುಳಕ್ಕೆ ತಯಾರಾಗಿ ನಿಂತಿದ್ದಳು. ಬೈಗುಳ ಬಂತು. ಆದರೆ ಅವಳಿಗಲ್ಲ.

“ನಲವತ್ತೈದು ವರ್ಷದಿಂದ ಮೇಕೆ ಕೊಯ್ತಿದ್ದೀನಿ. ನನ್ನ ಅಂಗಡಿ ಮೇಕೆಗೆ ಎಷ್ಟು ಹಾಲೆ ಅಂತ ಯಾವನೋ ಪೆನ್ನು ಚುಚ್ಕೊಂಡೋನು ಹೇಳ್ತಾನಾ? ನೀನೇನಾದ್ರೂ ಮೂರು ಅಂದು ಪಾಸಾಗಿ ಬಂದಿದ್ರೆ ನಿನ್ನ ಈ ಕೊರಡು ಮುಟ್ಟೋಕೂ ಬಿಡ್ತಿರ್ಲಿಲ್ಲ, ತಿಳ್ಕೋ. ಬಿಚ್ಚು ಆ ಏಪ್ರನ್ನು.”

“ಅತ್ತೆ, ಷರತ್ತು...”

“ಷರತ್ತು ಫೇಲಾದ್ರೆ ಅಂತ ಇತ್ತು. ಇದು ಫೇಲಾ? ಎಣಿಸೋಕೆ ಬರ್ದೇ ಇರೋನು ಎಣಿಸಿದೋಳಿಗೆ ಹಾಕಿದ ಬರೆ ಇದು. ನಾಳೆ ಬೆಳಗ್ಗೆ ಒಂದು ಗೊಂಚಲು ಚೂರಿ ಸೋಕಿಸದೆ ತೆಗೀತೀನಿ. ನಿಮ್ಮ ಪ್ರಿನ್ಸಿಪಾಲ್ ಎಷ್ಟು ಗಂಟೆಗೆ ಬರ್ತಾನೆ?”

“ನಾನೇ ಹೋಗ್ತೀನಿ. ನೀವು ಬರೋದು ಬೇಡ. ಮೆಟ್ಟಿಲು ಬಹಳ ಇದೆ.”

“ಮಂಡಿ ನಂದು. ನೋವೂ ನಂದು. ನಿಂಗೇನು?”

ಮರುದಿನ ಹತ್ತು ಗಂಟೆಗೆ, ಒದ್ದೆ ಬಟ್ಟೆ ಮುಚ್ಚಿದ ಅಲ್ಯೂಮಿನಿಯಂ ಬೋಗುಣಿಯನ್ನು ಸೊಸೆ ಹೊತ್ತು, ಅತ್ತೆ ಪಕ್ಕದ ಕಂಬಿ ಹಿಡಿದು ಮೆಟ್ಟಿಲಿಗೊಮ್ಮೆ ಪರೀಕ್ಷಕನ ಜನ್ಮ ಜಾಲಾಡುತ್ತ, ಮೂರನೇ ಮಹಡಿ ಹತ್ತಿದರು. ದಾರಿಯಲ್ಲಿ ಮೇಡಂ ಸಿಕ್ಕಿದರು. ಬೋಗುಣಿ ನೋಡಿ ಅವರಿಗೆ ಎಲ್ಲ ಅರ್ಥವಾಯಿತು.

“ನಾನು ಅವತ್ತು ಮಾತಾಡಬೇಕಿತ್ತು,” ಎಂದರು ಮೆಲ್ಲಗೆ.

“ಹೌದು ಮೇಡಂ, ಆಡಬೇಕಿತ್ತು,” ಎಂದಳು ಚೂರಿಯಕ್ಕ. ಪರವಾಗಿಲ್ಲ ಬಿಡಿ ಎನ್ನಲಿಲ್ಲ. “ಈಗ ಗಾಳಿ ಒತ್ತೋ ಚೀಲ ಒಂದು, ಕೊಳವೆ ಒಂದು ಕೊಡಿಸಿ.”

ಪ್ರಿನ್ಸಿಪಾಲರು ಎದೆರೋಗದ ಹಳೆಯ ಡಾಕ್ಟರು. ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದವರು. ತಮ್ಮ ಮೇಜಿನ ಮೇಲೆ ಬೋಗುಣಿ ಬಂದು ಕೂತಾಗ ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದರು.

“ಏನಿದು?”

“ಎಣಿಸಿ,” ಎಂದಳು ಅತ್ತೆ.

ಚೂರಿಯಕ್ಕ ನಡೆದದ್ದನ್ನು ಹೇಳಿದಳು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪ್ರಿನ್ಸಿಪಾಲರು ಕೈಗವಸು ಹಾಕಿಕೊಂಡು, ಮೊದಲು ಮೇಲಿನಿಂದ, ಆಮೇಲೆ ಹಿಂದಿನಿಂದ ನೋಡಿದರು. “ನಾಲ್ಕಿದೆ, ಒಪ್ಪಿದೆ,” ಎಂದರು. “ಆದ್ರೆ ನೀನು ನೋಡಿಕೊಳ್ಳೋದು ಮನುಷ್ಯರನ್ನ. ಮೇಕೆ ಹಾಲೆ ಎಣಿಸೋಕೆ ಬಂದ್ರೆ ರೋಗಿಗೇನು ಲಾಭ?”

ಅಷ್ಟರಲ್ಲಿ ಮೇಡಂ ಗಾಳಿಚೀಲ ಹಿಡಿದು ಒಳಗೆ ಬಂದರು. ಚೂರಿಯಕ್ಕ ಕೊಳವೆಯನ್ನು ಶ್ವಾಸನಾಳದ ಬಾಯಿಗೆ ತೂರಿಸಿ ದಾರದಿಂದ ಬಿಗಿದಳು. ಚೀಲ ಒತ್ತಿದಳು. ಬೋಗುಣಿಯಲ್ಲಿ ಮುದುಡಿ ಬಿದ್ದಿದ್ದ ಎರಡೂ ಶ್ವಾಸಕೋಶ ನಸುಗೆಂಪಾಗಿ ಉಬ್ಬಿ ಬೋಗುಣಿಯ ಅಂಚಿಗೆ ತಾಗಿದವು. ಅತ್ತೆ ಬಾಯಿ ತೆರೆದಳು. ಜೀವಮಾನವಿಡೀ ಅದನ್ನು ಕೈಯಲ್ಲಿ ಹಿಡಿದವಳು ಅದು ಉಸಿರಾಡುವುದನ್ನು ನೋಡಿರಲಿಲ್ಲ.

“ಈಗ ನಾಳ ಎರಡಾಗೋ ಜಾಗಕ್ಕಿಂತ ಒಂದು ಬೆರಳು ಮೇಲೆ ಹಿಸುಕ್ತೀನಿ ಸರ್. ಪುಸ್ತಕದ ಪ್ರಕಾರ ಎಲ್ಲಿಗೂ ಗಾಳಿ ಹೋಗಬಾರದು. ನೋಡಿ.”

ಎಡಗೈಯ ಎರಡು ಬೆರಳಿನಿಂದ ಹಿಸುಕಿ, ಬಲಗೈಯಿಂದ ಚೀಲ ಒತ್ತಿದಳು. ಎಡ ಶ್ವಾಸಕೋಶ ಅಲುಗಲಿಲ್ಲ. ಬಲಗಡೆಯ ಕೆಳಗಿನ ಹಾಲೆಗಳೂ ಅಲುಗಲಿಲ್ಲ. ಮೇಲಿನ ಒಂದೇ ಒಂದು ಹಾಲೆ ಕಪ್ಪೆಯ ಗಂಟಲಿನಂತೆ ಉಬ್ಬಿತು, ಇಳಿಯಿತು, ಉಬ್ಬಿತು.

“ನನ್ನ ಬೆರಳಿಗಿಂತ ಮೇಲೆ ಒಂದು ಕವಲಿದೆ. ಇದನ್ನ ನೋಡದೆ ಪುಸ್ತಕ ಒಪ್ಪಿಸೋರು ಗಾಳಿ ಪೂರ್ತಿ ನಿಂತಿದೆ ಅಂತ ಬರೀತಾರೆ. ನಿಂತಿಲ್ಲ. ರೋಗಿಗೆ ಲಾಭ ಇದು ಸರ್. ಎದುರಿಗಿರೋ ಎದೇನ ನೋಡೋದು.”

“ಇನ್ನೊಂದ್ಸಲ ಮಾಡು,” ಎಂದರು ಪ್ರಿನ್ಸಿಪಾಲರು. ಮೂರನೆಯ ಸಲ ತಾವೇ ಹಿಸುಕಿದರು. ಬಹಳ ಹೊತ್ತು ಆ ಒಂದು ಹಾಲೆಯನ್ನೇ ನೋಡಿದರು. “ಮನುಷ್ಯರಲ್ಲೂ ಅಪರೂಪಕ್ಕೆ ಒಬ್ಬೊಬ್ಬರಿಗೆ ಈ ಕವಲು ಇರುತ್ತೆ. ನಾನು ಇಬ್ಬರನ್ನ ನೋಡಿದ್ದೀನಿ. ಒಬ್ಬರದ್ದನ್ನ ತಡವಾಗಿ ನೋಡ್ದೆ.” ಕೈಗವಸು ಕಳಚಿದರು. “ಆದ್ರೆ ಹಾಕಿದ ಅಂಕ ತಿದ್ದೋ ಅಧಿಕಾರ ನನಗಿಲ್ಲ. ಆರು ವಾರಕ್ಕೆ ಮರುಪರೀಕ್ಷೆ ಇದೆ. ಬರಿ.”

“ಬರೀತೀನಿ ಸರ್. ಆದ್ರೆ ಪ್ರಶ್ನೆ ಕಾಗದದ ಮೇಲಿರಬೇಕು. ಮನುಷ್ಯಂದು ಕೇಳ್ತಿದ್ದಾರೋ, ತಟ್ಟೇಲಿರೋದನ್ನ ಕೇಳ್ತಿದ್ದಾರೋ, ಬರೆದಿರಬೇಕು. ತಟ್ಟೆ ಪಕ್ಕ ಇದು ಯಾವ ಪ್ರಾಣೀದು ಅಂತ ಚೀಟಿ ಇಡಬೇಕು.”

“ಫೇಲಾದೋಳು ನನಗೇ ಷರತ್ತು ಹಾಕ್ತಿದ್ದೀಯ?”

“ಹೌದು ಸರ್. ಹದಿನಾರು ಜನ ನನ್ನ ಕಣ್ಣ ಮುಂದೆ, ಇದ್ದದ್ದನ್ನ ಇಲ್ಲ ಅಂದು ಪಾಸಾದ್ರು. ಅವರೂ ನಾಳೆ ವಾರ್ಡಿಗೆ ಬರೋರೇ.”

ಮೇಡಂ ಈ ಸಲ ತಲೆ ತಗ್ಗಿಸಲಿಲ್ಲ. “ಅವಳು ಹೇಳಿದ್ದು ಸರಿ ಸರ್. ಅವತ್ತು ನಾನೂ ಆ ಕೋಣೇಲಿದ್ದೆ. ಬೇಕಿದ್ರೆ ಬರೆದುಕೊಡ್ತೀನಿ,” ಎಂದರು. ಪ್ರಿನ್ಸಿಪಾಲರು ಇಬ್ಬರನ್ನೂ ಒಮ್ಮೆ ನೋಡಿ, ಕಾಗದ ಎಳೆದುಕೊಂಡು ಸುತ್ತೋಲೆ ಬರೆಯತೊಡಗಿದರು. ಅತ್ತೆ ಬೋಗುಣಿಗೆ ಬಟ್ಟೆ ಮುಚ್ಚುತ್ತ, “ಮೇಜು ಒರೆಸಿಸ್ಕೊಳ್ಳಿ, ಕಲೆ ಆಗುತ್ತೆ,” ಎಂದಳು.

ಆರು ವಾರ ಚೂರಿಯಕ್ಕ ಬೆಳಗ್ಗೆ ಕಡಿದಳು, ಮಧ್ಯಾಹ್ನ ಓದಿದಳು. ಅವಳ ಜೊತೆಯವರು ಬಿಳಿ ಕೋಟು ಹಾಕಿಕೊಂಡು ವಾರ್ಡಿಗೆ ಹೋಗುವುದನ್ನು ಬಸ್ಸಿನ ಕಿಟಕಿಯಿಂದ ನೋಡುವುದು ಸುಲಭವಾಗಿರಲಿಲ್ಲ. ಮರುಪರೀಕ್ಷೆಗೆ ಬೇರೆ ಪರೀಕ್ಷಕರು ಬಂದರು. ತಟ್ಟೆಯ ಪಕ್ಕ ‘ಮೇಕೆ’ ಎಂದು ಬರೆದ ಚೀಟಿ ಇತ್ತು. ಅವರು ಮೇಕೆಯದನ್ನೂ ಕೇಳಿದರು, ಮನುಷ್ಯನದನ್ನೂ ಕೇಳಿದರು, ಎರಡರ ವ್ಯತ್ಯಾಸವನ್ನೂ ಕೇಳಿದರು. ಇಪ್ಪತ್ತು ನಿಮಿಷ ಬಿಡಲಿಲ್ಲ. ಅವಳೂ ಬಿಡಲಿಲ್ಲ. ಈ ಸಲದ ಪಟ್ಟಿಯಲ್ಲಿ ಅವಳ ಹೆಸರಿತ್ತು.

ಅತ್ತೆ ಅಂಗಡಿಗೆ ಕಡಿಯುವವನೊಬ್ಬನನ್ನು ಇಟ್ಟುಕೊಂಡು, ಎಲುಬಿನ ಚೂರು ಉಳಿಸುತ್ತಾನೆಂದು ಮೂರೇ ವಾರದಲ್ಲಿ ಓಡಿಸಿದಳು. ಎರಡನೆಯವನು ಇನ್ನೂ ಇದ್ದಾನೆ, ದಿನಾ ಬೈಸಿಕೊಳ್ಳುತ್ತ.

ಡಿಪ್ಲೊಮಾ ಮುಗಿಸಿದ ಚೂರಿಯಕ್ಕ ಈಗ ಅದೇ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಉಸಿರಾಟ ಚಿಕಿತ್ಸೆಯ ತಂತ್ರಜ್ಞೆ. ಬೆಳಗಿನ ಏಳರಿಂದ ಮಧ್ಯಾಹ್ನ ಮೂರರವರೆಗೆ ಪಾಳಿ. ಹತ್ತು ಹಾಸಿಗೆಗಳ ಉಸಿರಾಟದ ಯಂತ್ರ, ಗಂಟಲಿಗೆ ಹಾಕಿದ ಕೊಳವೆ, ಹೀರಬೇಕಾದ ಕಫ, ಗಂಟೆಗೊಮ್ಮೆ ಬರೆಯಬೇಕಾದ ಅಳತೆ, ಎಲ್ಲ ಅವಳ ಕೆಲಸ.